ಕಳ್ಳಕವಟಗಿಯ ಅರ್ಥಿಂಗ್ ಮತ್ತು ಮೂರು ಬಿಳಿ ಗೆರೆ

ಕಳ್ಳಕವಟಗಿಯ ಆ ಕಲ್ಲಿನ ಮೇಲೆ ನಾನು ಎಳೆದ ಮೂರು ಗೆರೆಗಳು ಒಂದೇ ಅಳತೆಯವಾಗಿದ್ದವೋ, ಮೇಲಿನಿಂದ ಕೆಳಕ್ಕೆ ಗಿಡ್ಡವಾಗುತ್ತ ಬಂದಿದ್ದವೋ, ಈಗ ಖಾತ್ರಿಯಾಗಿ ಹೇಳಲಾರೆ. ಗಿಡ್ಡವಾಗುತ್ತ ಬಂದಿದ್ದವು ಎಂದೇ ನನ್ನ ನೆನಪು. ಆದರೆ ನನ್ನ ನೆನಪಿನ ಮೇಲೆ ನನಗೆ ಅಂಥ ವಿಶ್ವಾಸವೇನಿಲ್ಲ. ನಮ್ಮ ಕಾಲೇಜಿನ ಲ್ಯಾಬಿನ ಗೋಡೆ ಹಸಿರು ಬಣ್ಣದ್ದು ಎಂದು ನೌಕರಿಯುದ್ದಕ್ಕೂ ಹೇಳಿಕೊಂಡು ಬಂದವನು ನಾನು. ನಿವೃತ್ತಿಯ ದಿನ ಗೆಳೆಯನೊಬ್ಬ ಹಳೆಯ ಫೋಟೊ ತೋರಿಸಿದ, ಗೋಡೆ ಹಳದಿ ಇತ್ತು. ಫೋಟೊದ ಬಣ್ಣವೇ ಮಾಸಿರಬಹುದು ಎಂಬ ಅನುಮಾನ ಇನ್ನೂ ಹೋಗಿಲ್ಲ.

ಗೆರೆಗಳು ಸಮನಾಗಿದ್ದವು ಎಂದು ಹೇಳುವವನು ಮೌಲಾಲಿ. ನನ್ನ ಜೊತೆ ಎಲೆಕ್ಟ್ರಿಕಲ್ ಮತ್ತು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವನು. ಈಗ ವಿಜಯಪುರದ ಸೊಲ್ಲಾಪುರ ರಸ್ತೆಯ ಮೋಟಾರ್ ರಿವೈಂಡಿಂಗ್ ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟು, ದಿನಾಲೂ ಅಲ್ಲೇ ಕೂತು ಮಗನಿಗೆ ತೊಂದರೆ ಕೊಡುತ್ತಾನೆ. ಬೆಳಿಗ್ಗೆ ಭೂತನಾಳ ಕೆರೆಯ ಕಡೆ ಇಬ್ಬರೂ ಅಡ್ಡಾಡಲು ಹೋಗುತ್ತೇವೆ. ಕೆರೆಯ ಅರ್ಧ ದಂಡೆ ಮುಗಿಯುವುದರೊಳಗೆ ಗೆರೆಯ ಮಾತು ಬರುತ್ತದೆ. ಉಳಿದರ್ಧ ದಂಡೆ ಮಾತಿಲ್ಲದೆ ನಡೆಯುತ್ತೇವೆ.

ಈ ವರ್ಷ ನಮ್ಮ ಓಣಿಯ ಕೆಲವು ಹುಡುಗರು, ಒಬ್ಬ ಹುಡುಗಿ ಅದೇ ಡಿಪ್ಲೊಮಾಕ್ಕೆ ಸೇರಿದ್ದಾರೆ. ಕೆಲಸ ಹೇಗಿರುತ್ತದೆ ಎಂದು ಕೇಳುತ್ತಾರೆ. ನಾನು ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದರಿಂದ ಅವರಿಗೆ ಉಪಯೋಗವಿಲ್ಲ, ಅದು ನನಗೂ ಸರಿಯಾಗಿ ನೆನಪಿಲ್ಲ. ಅದಕ್ಕಾಗಿ ಕಲ್ಲಿನ ಕಥೆ ಬರೆಯುತ್ತಿದ್ದೇನೆ.

ಡಿಪ್ಲೊಮಾಕ್ಕೆ ಹೋಗುವ ಮೊದಲೇ ನಾನು ಧಾರವಾಡದಲ್ಲಿ ಭೌತಶಾಸ್ತ್ರದ ಪದವಿ ಮುಗಿಸಿದ್ದೆ. ಎಲೆಕ್ಟ್ರಾನ್ ಬಗ್ಗೆ ಊಟದ ಹೊತ್ತು ಮೀರುವ ತನಕ ಮಾತಾಡಬಲ್ಲವನಾಗಿದ್ದೆ, ಫ್ಯೂಸಿಗೆ ತಂತಿ ಹಾಕಲು ಬರುತ್ತಿರಲಿಲ್ಲ. ಒಂದು ದಿನ ಮನೆಯ ಫ್ಯೂಸ್ ಹೋಯಿತು. ಅವ್ವ ನನ್ನನ್ನು ದಾಟಿಕೊಂಡು ಹೋಗಿ ಪಕ್ಕದ ಮನೆಯವರನ್ನು ಕರೆದಳು. ಅದಾದ ಮೇಲೆ ಟೆಕ್ನಿಶಿಯನ್ ಆಗಲೇಬೇಕು ಎಂದು ಹಟ ಹಿಡಿದು ವಿಜಯಪುರದ ಕಾಲೇಜು ಸೇರಿದೆ. ಪದವಿ ಮುಗಿಸಿ ಮತ್ತೆ ಕೆಳಗಿನ ಕ್ಲಾಸಿಗೆ ಕೂಡುವವನನ್ನು ನಮ್ಮ ಮನೆಯಲ್ಲಿ ಯಾರೂ ನೋಡಿರಲಿಲ್ಲ. ಬಬಲೇಶ್ವರದಲ್ಲಿ ಸೀರೆ ಅಂಗಡಿ ಇಟ್ಟಿದ್ದ ಸೋದರಮಾವ ಬಂದು ಅಪ್ಪನ ಮುಂದೆ ಕೂತು ತೀರ್ಮಾನ ಮಾಡಿದ.

"ಓದ್ಲಿ. ಆದ್ರ ಒಂದ ಸಲ ನಪಾಸ್ ಆದ್ನೋ, ಸೀದಾ ಅಂಗಡಿಗೆ ಬರಬೇಕು. ಹೆಣಮಕ್ಳು ಬಿಚ್ಚಿ ಒಗದ ಹೋದ ಸೀರಿ ಮಡಚಾಕ ಒಬ್ಬಾಂವ ಬೇಕಾಗ್ಯಾನ."

"ಪದವಿ ಓದ್ಯಾನೋ ಮಾರಾಯಾ," ಎಂದ ಅಪ್ಪ.

"ಛಲೋನ ಆತು. ಸೀರಿ ಘಡಿ ನೇರ ಬರ್ತಾವು."

ಹಿಂದಿನ ದೀಪಾವಳಿ ಸೂಟಿಯಲ್ಲಿ ನಾನು ಆ ಕೆಲಸ ಮಾಡಿ ನೋಡಿದ್ದೆ. ಒಂದು ಸೀರೆ ಮಡಚಿ ಇಡುವುದರೊಳಗೆ ಗಿರಾಕಿಗಳು ಐದು ಬಿಚ್ಚಿಸುತ್ತಿದ್ದರು. ಸಂಜೆಯಾಗುವ ಹೊತ್ತಿಗೆ ಸೀರೆಯ ಗುಡ್ಡದ ಹಿಂದೆ ನಾನು ಯಾರಿಗೂ ಕಾಣುತ್ತಿರಲಿಲ್ಲ. ಆದ್ದರಿಂದ ಕಾಲೇಜಿನ ಪ್ರತಿ ಪರೀಕ್ಷೆಯಲ್ಲೂ ನನ್ನ ಬೆನ್ನ ಹಿಂದೆ ಆ ಗುಡ್ಡ ನಿಂತಿರುತ್ತಿತ್ತು.

ಲ್ಯಾಬಿನಲ್ಲಿ ನಮಗೆ ಕಲಿಸಿದವರು ಬಿರಾದಾರ ಸರ್. ಅವರ ಬಾಯಲ್ಲಿ ಒಂದೇ ಮಾತು: "ನಂಬಬ್ಯಾಡ, ಮೀಟರ್ ಹಚ್ಚು." ನನ್ನಂಥ ಸಂಶಯದವನಿಗೆ ಇದಕ್ಕಿಂತ ಒಳ್ಳೆಯ ಗುರು ಸಿಗುವುದು ಸಾಧ್ಯವಿರಲಿಲ್ಲ. ಒಬ್ಬ ಹುಡುಗ ಜ್ವರ ಬಂದಿದೆ ಎಂದು ರಜೆ ಕೇಳಿದಾಗ, ಒಲೆಯ ಉಷ್ಣತೆ ಅಳೆಯುವ ತಂತಿಯನ್ನು ಅವನ ಕಂಕುಳಿಗೆ ಇಟ್ಟು ನೋಡಿ ಕ್ಲಾಸಿಗೆ ಕಳಿಸಿದ್ದರು. ಇದನ್ನು ನಾನೇ ನೋಡಿದ್ದೋ, ಯಾರೋ ಹೇಳಿದ್ದನ್ನು ಕೇಳಿದ್ದೋ ಗೊತ್ತಿಲ್ಲ. ಜ್ವರ ಬಂದವನು ನಾನೇ ಎಂದು ಮೌಲಾಲಿ ಹೇಳುತ್ತಾನೆ.

ಇದು ಮಾತ್ರ ನನ್ನದೇ. ಮೊದಲ ವಾರ ನಾನು ಅಮ್ಮೀಟರನ್ನು ನೇರವಾಗಿ ಸಪ್ಲೈಗೆ ಅಡ್ಡ ಜೋಡಿಸಿದೆ. ಕರೆಂಟಿನ ದಾರಿಯಲ್ಲಿ ಸಾಲಾಗಿ ನಿಲ್ಲಬೇಕಾದ ಮೀಟರು ಅದು. ಹೀಗೆ ಅಡ್ಡ ಹಾಕಿದರೆ ಸುಡುತ್ತದೆ. ಮುಳ್ಳು ಒಮ್ಮೆ ಬಲಕ್ಕೆ ಓಡಿ ಹೋಯಿತು, ಮರಳಿ ಬರಲಿಲ್ಲ.

ಸರ್ ಬಂದು ನಿಂತು, "ಏನ ತೋರಸಾಕತ್ತೈತಿ?" ಎಂದರು.

ಪಕ್ಕದ ಮೇಜಿನಿಂದ ಮೌಲಾಲಿ ಹೇಳಿದ, "ಹೊಗಿ ತೋರಸಾಕತ್ತೈತ್ರಿ ಸರ್. ಬಿಎಸ್ಸಿ ಆದವ್ರು ಜೋಡಿಸ್ಯಾರ."

ಅಂದಿನಿಂದ ನನ್ನ ಹೆಸರು ಬಿಎಸ್ಸಿ ಎಂದಾಯಿತು.

ಕೊನೆಯ ವರ್ಷ ಸರ್ ಇಬ್ಬಿಬ್ಬರಿಗೆ ಒಂದೊಂದು ಹಳ್ಳಿಯ ಕೆಲಸ ಹಚ್ಚುತ್ತಿದ್ದರು. ಪುಸ್ತಕದ ಕೆಲಸವಲ್ಲ, ನಿಜವಾಗಿ ಕೆಟ್ಟದ್ದನ್ನು ಸರಿಮಾಡಿ ಬರಬೇಕು. ನನಗೂ ಮೌಲಾಲಿಗೂ ಸಿಕ್ಕಿದ್ದು ಟಿಕೋಟಾದ ಆಚೆ, ಕಳ್ಳಕವಟಗಿಯಲ್ಲಿ ಈರವ್ವನ ಹಿಟ್ಟಿನ ಗಿರಣಿ.

ಈರವ್ವ ಆಗ ಮೂವತ್ತರ ಆಸುಪಾಸಿನವಳು. ಗಂಡ ದೂರದ ಊರಿಗೆ ದುಡಿಯಲು ಹೋಗಿದ್ದ, ಗಿರಣಿಯ ಯಜಮಾನಿಕೆ ಪೂರ್ತಿ ಅವಳದು. ನಮ್ಮ ಕಡೆ ಎಲ್ಲಿ ಒಳಗೆ ಹೋಗಬೇಕಾದರೂ ಚಪ್ಪಲಿ ಹೊರಗೆ ಬಿಡುತ್ತೇವೆ. ಅವಳ ಗಿರಣಿಗೆ ಮಾತ್ರ ಚಪ್ಪಲಿ ಹಾಕಿಕೊಂಡು ಒಳಗೆ ಹೋಗಬೇಕಾಗಿತ್ತು. ಬಾಗಿಲಲ್ಲಿ ಒಂದು ಜೋಡಿ ರಬ್ಬರ್ ಚಪ್ಪಲಿ ಇಟ್ಟಿದ್ದಳು, ಊರಿಗೆಲ್ಲ ಅದೇ ಜೋಡಿ. ಒಬ್ಬರು ಅದನ್ನು ಮೆಟ್ಟಿಕೊಂಡು ಹೋಗಿ ಜೋಳ ಸುರಿದು ಬಂದ ಮೇಲೆ ಇನ್ನೊಬ್ಬರು ಕಾಲು ತೂರಿಸಬೇಕು. ಬರಿಗಾಲಲ್ಲಿ ಗಿರಣಿಯ ತಗಡು ಮುಟ್ಟಿದರೆ ಶಾಕ್ ಹೊಡೆಯುತ್ತಿತ್ತು.

"ಜುಮ್ ಅಂತೈತ್ರಿ," ಎಂದಳು ಈರವ್ವ.

"ಎಷ್ಟು ಜುಮ್ ಅಂತೈತಿ?" ಎಂದು ನಾನು ಕೇಳಿದೆ. ಅಳತೆ ಬೇಕಾಗಿತ್ತು ನನಗೆ.

"ಮುಟ್ಟಿ ನೋಡು."

ಬರಿಗಾಲಲ್ಲೇ ಮುಟ್ಟಿದೆ. ಜೋಳದ ಚೀಲದ ಮೇಲೆ ಹೋಗಿ ಬಿದ್ದೆ. ಮೌಲಾಲಿ ಹೇಳುವಷ್ಟು ದೂರ ನಾನು ಹಾರಲಿಲ್ಲ, ಏಕೆಂದರೆ ಗಿರಣಿಯೇ ಅಷ್ಟು ಅಗಲ ಇರಲಿಲ್ಲ. ಈ ಕೆಲಸಕ್ಕೆ ಬರುವ ಹುಡುಗರಿಗೆ ಹೇಳುತ್ತೇನೆ: ಯಾರಾದರೂ ಮುಟ್ಟಿ ನೋಡು ಎಂದರೆ ಮುಟ್ಟಬೇಡಿ.

ಕಾರಣ ಬೇಗ ಸಿಕ್ಕಿತು. ಮೋಟಾರಿನ ಹೊರಮೈಗೆ ಸೋರುವ ಕರೆಂಟು ಅರ್ಥಿಂಗ್ ತಂತಿಯ ಮೂಲಕ ನೆಲಕ್ಕೆ ಇಳಿಯಬೇಕು. ಹಿಂದೆ ಕೆಲಸ ಮಾಡಿ ಹೋದ ಪುಣ್ಯಾತ್ಮ ಆ ತಂತಿಯನ್ನು ನೆಲಕ್ಕೆ ಇಳಿಸದೆ ಮಣ್ಣಿನ ಗೋಡೆಯ ಮೊಳೆಗೆ ಸುತ್ತಿದ್ದ. ಅದೇ ಮೊಳೆಗೆ ಈರವ್ವ ಕ್ಯಾಲೆಂಡರ್ ತೂಗುಹಾಕಿದ್ದಳು.

"ತಿಂಗಳಾ ಹಾಳಿ ಹರಿಯೂ ಮುಂದ ಕೈ ಜುಮ್ ಅಂತಿತ್ತು. ಅಮಾಸಿ ಹತ್ರ ಬಂತು, ಅದಕ್ಕ ಇರಬೇಕ ಅಂತ ತಿಳದಿದ್ನಿ," ಎಂದಳು.

ಮಂದಿ ಆಗಲೇ ಜೋಳದ ಬುಟ್ಟಿ ಹೊತ್ತುಕೊಂಡು ಟಿಕೋಟಾದ ಗಿರಣಿಗೆ ಹೋಗಲು ಶುರುಮಾಡಿದ್ದರು. "ಬ್ಯಾಸಗಿ ಕಳಿಯೂದ್ರಾಗ ಸುದ್ದ ಮಾಡಿ ಕೊಡ್ರಪಾ. ಇಲ್ಲಂದ್ರ ಈ ಗಿರಣ್ಯಾಗ ನಾನೂ ಕ್ಯಾಲೆಂಡರೂ ಇಬ್ಬರ ಉಳೀತೀವಿ," ಎಂದಳು.

ಸರ್ ಹಾಕಿದ ಷರತ್ತು ಹೀಗಿತ್ತು. ಗುಂಡಿ ತೋಡಿ ಹೊಸ ಅರ್ಥಿಂಗ್ ಮಾಡಬೇಕು. ಕರೆಂಟಿಗೆ ನೆಲ ಒಡ್ಡುವ ತಡೆಯನ್ನು ಬೇಸಿಗೆಯ ನಡುವೆ ತಾವೇ ಬಂದು ಅಳೆಯುತ್ತಾರೆ. ಐದು ಓಮ್‌ಗಿಂತ ಕಡಿಮೆ ಬಂದರೆ ಪಾಸು, ಹೆಚ್ಚು ಬಂದರೆ ನಪಾಸು. ಬೇಸಿಗೆಯೇ ಯಾಕೆ ಎಂದರೆ ನಮ್ಮದು ಎರೆಭೂಮಿ. ಮಣ್ಣು ಹಸಿ ಇದ್ದಾಗ ಕರೆಂಟನ್ನು ಚೆನ್ನಾಗಿ ಒಯ್ಯುತ್ತದೆ. ಒಣಗಿತೆಂದರೆ ಬಿರುಕು ಬಿಟ್ಟು ಪೈಪಿನಿಂದ ದೂರ ಸರಿದು ನಿಲ್ಲುತ್ತದೆ, ಅಳತೆ ಏರಿಬಿಡುತ್ತದೆ.

ಅರ್ಥಿಂಗಿನ ಪೈಪು ನಮಗಿಂತ ಎತ್ತರ, ಮೈತುಂಬ ತೂತು. ಅದನ್ನು ಹೊತ್ತುಕೊಂಡು ಬಸ್ ಹತ್ತಿದಾಗ ಕಂಡಕ್ಟರ್ ಅದಕ್ಕೂ ಆಳಿನ ಟಿಕೆಟ್ ಹರಿದ. ನಿಮ್ಮಿಬ್ಬರಿಗಿಂತ ಉದ್ದ ಇದೆ, ಅರ್ಧ ಟಿಕೆಟ್ ಕೊಡಲಾಗದು ಎಂದ. ಹಿಂದಿನ ಸೀಟಿನ ಮುದುಕನೊಬ್ಬ ತೂತುಗಳನ್ನು ಬಹಳ ಹೊತ್ತು ನೋಡಿ, "ಇದನ್ನ ಊದಾಕ ಎಷ್ಟ ಮಂದಿ ಬೇಕು?" ಎಂದು ಕೇಳಿದ.

ಗಿರಣಿಯ ಹಿಂದೆ ಗುಂಡಿ ತೋಡಿ ಪೈಪು ಇಳಿಸಿ, ಸುತ್ತಲೂ ಇದ್ದಲಿ ಉಪ್ಪು ತುಂಬಿದೆವು. ಮೇಲೆ ನೀರು ಹಾಕಲು ಆಲಿಕೆಯಂಥ ಬಾಯಿ ಇಟ್ಟೆವು. ಅಳೆದರೆ ಮೂರು ಓಮ್ ಬಂತು. ತಗಡು ಮುಟ್ಟಿದರೆ ಏನೂ ಆಗಲಿಲ್ಲ. ಈರವ್ವ ರಬ್ಬರ್ ಚಪ್ಪಲಿಯನ್ನು ಅಟ್ಟಕ್ಕೆ ಎಸೆದಳು.

"ದಿನಾ ಒಂದು ಕೊಡ ನೀರು ಇದಕ್ಕ ಹಾಕಬೇಕ್ರಿ," ಎಂದೆ.

"ಕುಡ್ಯೂ ನೀರ ಬಾಂವಿಂದ ಹೊತ್ತ ತರ್ತೀವಿ. ತಂದು ಪೈಪಿಗೆ ಕುಡಸಬೇಕೇನ?"

"ಮಣ್ಣು ಹಸಿ ಇರಬೇಕು, ಅದಕ್ಕ."

"ನೋಡೂಣು," ಎಂದಳು. ನಮ್ಮ ಕಡೆ ನೋಡೋಣ ಎಂದರೆ ಏನರ್ಥ ಎಂದು ಎಲ್ಲರಿಗೂ ಗೊತ್ತು.

ಯುಗಾದಿ ಮುಗಿಸಿ ಮತ್ತೆ ಹೋದೆವು. ರಬ್ಬರ್ ಚಪ್ಪಲಿ ಅಟ್ಟದಿಂದ ಇಳಿದು ಬಾಗಿಲಲ್ಲಿ ಕೂತಿತ್ತು. ಹಿಂದೆ ಹೋಗಿ ನೋಡಿದರೆ ನೆಲ ಕೈ ತೂರುವಷ್ಟು ಬಿರಿದಿತ್ತು. ಮೇಲಿನ ಮಣ್ಣು ಕೆದರಿ ಆಡುಗಳು ಉಪ್ಪು ನೆಕ್ಕುತ್ತಿದ್ದವು. ಒಂದು ಆಡು ನನ್ನನ್ನು ನೋಡಿ ತುಟಿ ಸವರಿಕೊಂಡಿತು. ಮೀಟರು ಇಪ್ಪತ್ತು ದಾಟಿತ್ತು. ನನ್ನ ಕಣ್ಣ ಮುಂದೆ ಬಬಲೇಶ್ವರದ ಸೀರೆಯ ಗುಡ್ಡ ಬಂದು ನಿಂತಿತು.

ಉಪ್ಪು ಮತ್ತೆ ತುಂಬಿದೆವು. ಆಡು ಬಾರದಂತೆ ಪೈಪಿನ ಬುಡಕ್ಕೆ ಒಂದು ದೊಡ್ಡ ಗುಂಡುಕಲ್ಲು ಉರುಳಿಸಿ ಇಟ್ಟೆವು. ಕಲ್ಲನ್ನು ಯಾರೂ ಎತ್ತಿ ಒಯ್ಯಬಾರದಲ್ಲ, ಅದಕ್ಕೆ ಗುರುತು ಬೇಕು ಎಂದು ನಾನೇ ಹೇಳಿದೆ. ಕೆಂಪು ಎಂದರೆ ಅಪಾಯ ಎಂದು ಜಗತ್ತಿಗೆಲ್ಲ ಗೊತ್ತಿದೆ ಎಂದುಕೊಂಡು, ಗಿರಣಿಯ ಕಿಟಕಿಯ ಸರಳಿಗೆ ಈರವ್ವ ತಂದಿಟ್ಟಿದ್ದ ಕೆಂಪು ಬಣ್ಣ ಬಳಿದೆ. ಅದರ ಮೇಲೆ ಬಿಳಿ ಬಣ್ಣದಲ್ಲಿ ಅರ್ಥಿಂಗಿನ ಚಿಹ್ನೆ ಬರೆದೆ. ಅದು ಒಂದು ನೆಟ್ಟನೆಯ ಗೆರೆ, ಅದರ ಕೆಳಗೆ ಮೂರು ಅಡ್ಡ ಗೆರೆ, ಮೇಲಿನದು ಉದ್ದ, ಕೆಳಗಿನದು ಗಿಡ್ಡ. ನೆಟ್ಟನೆಯ ಗೆರೆಗೆ ಕಲ್ಲಿನಲ್ಲಿ ಜಾಗ ಸಾಲಲಿಲ್ಲ. ಮೇಲೆ ನಿಂತ ಪೈಪೇ ಆ ಗೆರೆ ಎಂದುಕೊಂಡು ಬರೀ ಅಡ್ಡ ಗೆರೆಗಳನ್ನು ಎಳೆದೆ. ಅವು ಗಿಡ್ಡವಾಗುತ್ತ ಬಂದಿದ್ದವು. ಬಂದಿದ್ದವು ಎಂದುಕೊಳ್ಳುತ್ತೇನೆ.

ಸರ್ ಬರುವ ಮುನ್ನ ನಾವೇ ನೀರು ಹಾಕಿ ಬರೋಣ ಎಂದು ಮತ್ತೊಂದು ಸಲ ಹೋದೆವು. ಗಿರಣಿಯ ಹಿಂದೆ ಹೆಣ್ಣುಮಕ್ಕಳ ಸಾಲು ನಿಂತಿತ್ತು. ಒಬ್ಬೊಬ್ಬರ ಕೈಯಲ್ಲೂ ನೀರಿನ ಚರಗಿ. ಪೈಪಿನ ಬಾಯಿಗೆ ನೀರು ಸುರಿದು, ಕಲ್ಲಿಗೆ ಕುಂಕುಮ ಇಟ್ಟು, ನನ್ನ ಮೂರು ಬಿಳಿ ಗೆರೆಯ ಮೇಲೆ ವಿಭೂತಿ ಎಳೆದು, ಕೈಮುಗಿದು ಸರಿಯುತ್ತಿದ್ದರು. ನೆಲ ತಂಪಾಗಿತ್ತು. ಪಕ್ಕದಲ್ಲಿ ಒಂದು ಬಾಳೆಹಣ್ಣು ಇತ್ತು. ಆಡು ದೂರದಲ್ಲಿ ನಿಂತು ಅದನ್ನು ನೋಡುತ್ತಿತ್ತು.

ನನ್ನ ಪದವಿಯೆಲ್ಲ ತಲೆಗೇರಿತು. ಸಾಲಿನ ಮುಂದಿದ್ದ ಮುದುಕಿಗೆ ಹೇಳಿದೆ, "ಯಮ್ಮಾ, ಇದು ದೇವರಲ್ಲ. ಇದು ಅರ್ಥಿಂಗ್. ಇದರೊಳಗ ಬರೇ ಉಪ್ಪು, ಇದ್ದಲಿ ಅದಾವ."

"ಇರ್ಲಿ ಬಿಡು. ನಮ್ಮನಿ ದ್ಯಾವರೊಳಗೂ ಬರೇ ಕಲ್ಲ ಐತಿ."

"ಇದು ಕರೆಂಟಿನ ಪೈಪು."

"ಹಂಗಾರ ವಿಭೂತಿ ಯಾಕ ಹಚ್ಚಿದ್ದಿ?"

"ಅದು ವಿಭೂತಿ ಅಲ್ಲ ಬೇ, ಚಿಹ್ನೆ."

ಮುದುಕಿ ಚರಗಿಯನ್ನು ಸೊಂಟಕ್ಕೆ ಇಟ್ಟುಕೊಂಡು ನನ್ನನ್ನು ನೋಡಿದಳು. "ಗುಂಡಕಲ್ಲ ತಂದ ಇಟ್ಟಾಂವ ನೀನು. ಕೆಂಪ ಬಳದಾಂವ ನೀನು. ಮೂರ ಗೆರಿ ಎಳದಾಂವ ನೀನು. ನೀರ ಹಾಕಾಕ ಮ್ಯಾಲ ಬಾಯಿ ಮಾಡಿದಾಂವ ನೀನು. ಈಗ ಬಂದು ದ್ಯಾವರಲ್ಲ ಅಂತಿ. ಪೂಜಾರಿಕಿ ಬ್ಯಾಡಾಗಿದ್ರ ಬ್ಯಾಡ ಅಂತ ಹೇಳು."

ಧಾರವಾಡದಲ್ಲಿ ಯಾರೂ ನನ್ನನ್ನು ವಾದದಲ್ಲಿ ಹೀಗೆ ಕಟ್ಟಿಹಾಕಿರಲಿಲ್ಲ. ನಾನು ಇನ್ನೊಮ್ಮೆ ಶುರುಮಾಡುವಷ್ಟರಲ್ಲಿ ಮೌಲಾಲಿ ನನ್ನ ಅಂಗಿ ಹಿಡಿದು ಗೋಡೆಯ ಮರೆಗೆ ಎಳೆದುಕೊಂಡು ಹೋದ.

"ಸುಮ್ನ ನಿಂದರ್ಲೇ. ಸೀರಿ ಮಡಚಾಕ ಹೋಗ್ತಿಯೇನು?"

"ಇದು ತಪ್ಪು. ಮೂಢನಂಬಿಕಿ ಬೆಳಸಿದಂಗ ಆಗತೈತಿ."

"ನೀರ ಬೀಳಾಕತ್ತೈತೋ ಇಲ್ಲೋ?"

"ಬೀಳಾಕತ್ತೈತಿ."

"ಮತ್ತ? ಮೀಟರ್ ಹಚ್ಚು."

ಹಚ್ಚಿದೆ. ಎರಡೂವರೆ ಬಂತು. ನಾನು ಬಾಯಿ ಮುಚ್ಚಿಕೊಂಡೆ, ಆದರೆ ಮನಸ್ಸು ಮುಚ್ಚಿಕೊಳ್ಳಲಿಲ್ಲ. ಮೊದಲ ಕುಂಕುಮ ಇಟ್ಟವರು ಯಾರು ಎಂದು ಈರವ್ವನನ್ನು ಕೇಳಿದೆ. ನಿಮ್ಮ ಗೆಳೆಯ ಎಂದಳು. ಮೌಲಾಲಿ ಗಾಬರಿಯಾಗಿ, "ನನ್ನ ಹೆಸರ ತಗೀಬ್ಯಾಡ್ರಿ ಅಕ್ಕಾರ, ನಮ್ಮ ಅಮ್ಮಿಗೆ ಗೊತ್ತಾದ್ರ ಮನಿ ಬಿಡಸ್ತಾಳ," ಎಂದ. ಆಮೇಲೆ ನನ್ನ ಕಡೆ ತಿರುಗಿ, ಇಟ್ಟವನು ನೀನೇ ಎಂದ. ನಾನು ಈರವ್ವನನ್ನು ನೋಡಿದೆ. ಅವಳು ಸೆರಗಿನಲ್ಲಿ ನಗು ಮುಚ್ಚಿಕೊಂಡು ಜೋಳ ಸುರಿಯಲು ಹೋದಳು.

ಸರ್ ಬಂದ ದಿನ ಬಿಸಿಲು ಕಾದ ಹಂಚಿನಂತಿತ್ತು. ಗಿರಣಿಯ ಹಿಂದೆ ಬಂದವರು ಕಲ್ಲಿನ ಹತ್ತಿರ ಚಪ್ಪಲಿ ಬಿಟ್ಟರು. ಭಕ್ತಿಯಿಂದ ಬಿಟ್ಟರು ಎಂದು ನನ್ನ ನೆನಪು, ಚಪ್ಪಲಿಯ ಉಂಗುಷ್ಟ ಕಿತ್ತುಹೋಗಿತ್ತು ಎಂದು ಮೌಲಾಲಿಯ ನೆನಪು. ಎರಡು ಮೊಳೆಗಳನ್ನು ದೂರದೂರ ನೆಲಕ್ಕೆ ಬಡಿದು, ತಂತಿ ಜೋಡಿಸಿ, ಅಂದಿನ ಮೀಟರಿನ ಹಿಡಿಕೆಯನ್ನು ಗರಗರ ತಿರುಗಿಸತೊಡಗಿದರು. ಅದೇ ಮುದುಕಿ ಬಂದು ಬಗ್ಗಿ ನೋಡಿ, "ಗಿರಣಿ ಮುಂದ ಕುಂತ ಕೈಲೆ ಯಾಕ ಬೀಸಾಕತ್ತೀರಿ, ಒಳಗ ಬರ್ರಿ," ಎಂದಳು.

ಮುಳ್ಳು ಎರಡರ ಹತ್ತಿರ ನಿಂತಿತು. ಸರ್ ಇನ್ನೊಮ್ಮೆ ತಿರುಗಿಸಿದರು. ಮತ್ತೆ ಎರಡು.

"ನೀರ ಯಾರ ಹಾಕತಾರ?"

"ಓಣಿ ಮಂದಿ ಎಲ್ಲಾರೂ ಹಾಕತಾರ್ರಿ," ಎಂದಳು ಈರವ್ವ.

"ಯಾಕ?"

ಮೌಲಾಲಿ ನನ್ನ ಕಾಲು ತುಳಿದ. ನನಗೆ ತಡೆಯಲಾಗಲಿಲ್ಲ. "ದೇವರು ಅಂತ ತಿಳಕೊಂಡಾರ್ರಿ ಸರ್. ನಾ ಎಷ್ಟ ಹೇಳಿದ್ರೂ ಕೇಳವಲ್ರು. ಇದಕ್ಕ ನೀವು ನಪಾಸ್ ಮಾಡಿದ್ರೂ ನಂದೇನೂ ತಕರಾರಿಲ್ಲ."

"ನಂದೈತ್ರಿ," ಎಂದ ಮೌಲಾಲಿ.

ಸರ್ ಕಲ್ಲನ್ನು ನೋಡಿದರು, ಮೀಟರು ನೋಡಿದರು. ಆಮೇಲೆ ಗಿರಣಿಯ ಬಾಗಿಲು ನೋಡಿದರು. ಅಲ್ಲಿ ಹೆಣ್ಣುಮಕ್ಕಳು ಬರಿಗಾಲಲ್ಲಿ ಜೋಳದ ಬುಟ್ಟಿ ಹಿಡಿದು ನಿಂತಿದ್ದರು.

"ಯಾಕ ಅಂತ ಮೀಟರ್ ಕೇಳಂಗಿಲ್ಲ," ಎಂದರು. "ಪಾಸ್. ಆದ್ರ ಒಂದ ಮಾರ್ಕ್ ಕಟ್. ಬಿಎಸ್ಸಿ, ಅರ್ಥಿಂಗ್ ಚಿಹ್ನಿ ಒಳಗ ಗೆರಿ ಸಮ ಇರತಾವೇನು?"

"ಸರ್, ನಾ ಗಿಡ್ಡ ಮಾಡಕೋತ ಬಂದಿದ್ನಿರಿ. ವಿಭೂತಿ ಹಚ್ಚಿ ಹಚ್ಚಿ ಇವರು ಸಮ ಮಾಡ್ಯಾರ."

"ಇಲ್ರಿ ಸರ್, ಮದಲಿಂದ ಸಮ ಇದ್ದೂ," ಎಂದ ಮೌಲಾಲಿ. ಪಾಸಾದ ಮನುಷ್ಯನಿಗೆ ಎಷ್ಟು ಧೈರ್ಯ ಬರುತ್ತದೆ ನೋಡಿ.

ಬಬಲೇಶ್ವರದ ಸೋದರಮಾವ ಸೀರೆ ಮಡಚಲು ಬೇರೆ ಯಾರನ್ನೋ ನೋಡಿಕೊಂಡ. ನಾನು ಟೆಕ್ನಿಶಿಯನ್ ಆದೆ.

ಆಮೇಲಿನ ನೌಕರಿಯಲ್ಲಿ ನಾನು ಕಂಡಷ್ಟು ಒಣಗಿದ ಅರ್ಥಿಂಗ್ ಗುಂಡಿಗಳನ್ನು ಯಾರೂ ಕಂಡಿರಲಾರರು. ಒಬ್ಬ ಸಾಹೇಬರು ಪ್ರತಿ ಗುಂಡಿಯ ಪಕ್ಕ 'ದಿನಾಲೂ ನೀರು ಹಾಕಿರಿ' ಎಂದು ತಗಡಿನ ಫಲಕ ನೆಡಿಸಿದರು. ಯಾರೂ ಹಾಕಲಿಲ್ಲ. ಮಳೆಗಾಲದಲ್ಲಿ ಫಲಕವೇ ನೆನೆದು ತುಕ್ಕು ಹಿಡಿಯಿತು. ಇನ್ನೊಬ್ಬ ಸಾಹೇಬರು ನೀರು ಹಾಕಿದವರು ಸಹಿ ಮಾಡಬೇಕು ಎಂದು ನಿಯಮ ತಂದರು. ಎಲ್ಲರೂ ತಪ್ಪದೆ ಸಹಿ ಮಾಡಿದರು, ನೆಲ ಒಣಗಿಯೇ ಇತ್ತು. ಅಂಥ ಗುಂಡಿಗಳ ಮುಂದೆ ನಿಂತಾಗ ಕೈ ತಾನಾಗಿ ಬಣ್ಣದ ಡಬ್ಬಿಯ ಕಡೆ ಹೋಗುತ್ತಿತ್ತು. ಎಲ್ಲಾದರೂ ಮೂರು ಗೆರೆ ಎಳೆದೆನೋ ಇಲ್ಲವೋ ನೆನಪಿಲ್ಲ. ಈ ಒಂದು ವಿಷಯದಲ್ಲಿ ನೆನಪು ಇಲ್ಲದಿರುವುದೇ ಅನುಕೂಲ.

ಈಗ ಉಪ್ಪು ಇದ್ದಲಿಯ ಬದಲು ಚೀಲದಲ್ಲಿ ಪುಡಿ ಬರುತ್ತದೆ, ಅದು ತೇವ ಹಿಡಿದಿಟ್ಟುಕೊಳ್ಳುತ್ತದಂತೆ. ಮೀಟರಿಗೆ ಹಿಡಿಕೆ ಇಲ್ಲ, ಗುಂಡಿ ಒತ್ತಿದರೆ ಅಂಕಿ ಬರುತ್ತದೆ. ಹೊಸ ಹುಡುಗರು ಪುಡಿಯನ್ನು ನಂಬುತ್ತಾರೆ. ನೀವು ನಂಬಬೇಡಿ, ಬೇಸಿಗೆಯಲ್ಲಿ ಹೋಗಿ ಅಳೆಯಿರಿ.

ಹೋದ ಬೇಸಿಗೆಯಲ್ಲಿ ನಾನೂ ಹೋದೆ. ಗೆರೆಗಳ ಜಗಳ ಮುಗಿಸಬೇಕೆಂದು ಮೌಲಾಲಿಯ ಮಗನಿಂದ ಅರ್ಥಿಂಗ್ ಮೀಟರು, ಜೊತೆಗೆ ಒಂದು ಬಣ್ಣ ಕೆರೆಯುವ ಪಟ್ಟಿ ಇಸಿದುಕೊಂಡು ಕಳ್ಳಕವಟಗಿಯ ಬಸ್ ಹತ್ತಿದೆ. ಗಿರಣಿ ಅಲ್ಲೇ ಇತ್ತು. ಈರವ್ವನ ತಲೆ ಬೆಳ್ಳಗಾಗಿತ್ತು. ಕಟ್ಟೆಯ ಮೇಲೆ ಕೂತವಳು ನನ್ನ ಗುರುತು ಹಿಡಿದು, "ಬಿಎಸ್ಸಿ, ಚೀಲದ ಮ್ಯಾಲ ಬೀಳಾಕ ಬಂದಿಯೇನು?" ಎಂದಳು.

ಹಿಂದೆ ಕಲ್ಲಿಗೆ ಒಂದು ಸಣ್ಣ ಕಟ್ಟೆ, ಮೇಲೆ ತಗಡಿನ ನೆರಳು. ಕುಂಕುಮ, ವಿಭೂತಿ, ಎಣ್ಣೆ ಪದರು ಪದರಾಗಿ ಕೂತು ಕಲ್ಲು ಮೊದಲಿನ ಎರಡರಷ್ಟು ದಪ್ಪವಾಗಿತ್ತು. ಉಪ್ಪು ತಿಂದ ಪೈಪು ಇಷ್ಟು ವರ್ಷ ಹೇಗೆ ಉಳಿಯಿತು ಎಂದು ಕೇಳಿದೆ.

"ಉಳದಿಲ್ಲೋ ಯಪ್ಪಾ. ಒಂದ ಸಲ ಎಷ್ಟ ಹಾಕಿದ್ರೂ ನೀರ ಒಳಗ ಹೋಗವಲ್ದಾತು. ದ್ಯಾವರು ನೀರ ಕುಡಿಯವಲ್ತು ಅಂತ ಓಣಿ ಎಲ್ಲಾ ಹೆದರಿತು. ಮಗಾ ಅಗದು ನೋಡಿದ, ಪೈಪ ಕೊಳತಿತ್ತು. ಎಲ್ಲಾರೂ ಕೂಡಿ ಹೊಸಾದ ಇಟ್ಟೀವಿ. ಮದಲಿನಕಿಂತ ದಪ್ಪಂದು. ಉಪ್ಪ, ಇದ್ದಲಿ ಎಲ್ಲಾ ನೀ ಹಾಕಿದಂಗ ಹಾಕೀವಿ. ಊಟಾನೂ ಹಾಕಿಸೀವಿ."

ಪಟ್ಟಿ ಹೊರತೆಗೆದು, ಒಂದು ಮೂಲೆಯಲ್ಲಿ ಸ್ವಲ್ಪ ಕೆರೆದು ಗೆರೆ ನೋಡಲೇ ಎಂದು ಕೇಳಿದೆ. ಈರವ್ವ ಪಟ್ಟಿಯನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಪಟ್ಟಿಯನ್ನು ಚೀಲದೊಳಗೆ ಇಟ್ಟೆ. ಮೊದಲ ಕುಂಕುಮ ಯಾರಿಟ್ಟರು ಎಂದಾದರೂ ಹೇಳು ಎಂದರೆ, "ನಿಮ್ಮ ಸರ್ ಇಟ್ಟಿರಬೇಕು," ಎಂದಳು.

ಹೀಗಾಗಿ ಗೆರೆಗಳ ಬಗ್ಗೆ ನನಗೆ ಏನೂ ಗೊತ್ತಿಲ್ಲ. ಗಿರಣಿಯ ಬಾಗಿಲಲ್ಲಿ ರಬ್ಬರ್ ಚಪ್ಪಲಿ ಇರಲಿಲ್ಲ. ಬಂದವರ ಚಪ್ಪಲಿಗಳೆಲ್ಲ ಕಲ್ಲಿನ ಮುಂದೆ ಇದ್ದವು. ನಾನೂ ನನ್ನವನ್ನು ಅವುಗಳ ಪಕ್ಕ ಬಿಟ್ಟು, ಎರಡು ಮೊಳೆ ಬಡಿದು, ತಂತಿ ಜೋಡಿಸಿ ಮೀಟರಿನ ಗುಂಡಿ ಒತ್ತಿದೆ. ನಂಬಿಕೆಯಾಗದೆ ಮೊಳೆಗಳ ಜಾಗ ಬದಲಿಸಿ ಇನ್ನೊಮ್ಮೆ ಒತ್ತಿದೆ. ಸುತ್ತಲಿನ ಹೊಲವೆಲ್ಲ ಬಿರಿದು ಬಾಯಿ ತೆರೆದಿದ್ದ ಬೇಸಿಗೆಯಲ್ಲಿ, ಕಳ್ಳಕವಟಗಿಯ ಅರ್ಥಿಂಗ್ ಎರಡು ಸಲವೂ ಎರಡು ಓಮ್‌ಗಿಂತ ಕಡಿಮೆ ತೋರಿಸಿತು.